ಫೋನ್ ಎತ್ತುವವರು, ಅವರ ಬೆನ್ನಿಗೆ ನಿಲ್ಲುವವರು

ಹಲ್ಲು ನೋವಾದರೆ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇವೆ. ಎದೆ ನೋವು ಬಂದರೆ ಜಯದೇವಕ್ಕೆ ಓಡುತ್ತೇವೆ. ಆದರೆ 'ಬದುಕೇ ಸಾಕು' ಅನಿಸಿದ ಒಬ್ಬರು ಸಹಾಯವಾಣಿಗೆ ಕರೆ ಮಾಡಿದರೆ, ಆ ಕಡೆ ಫೋನ್ ಎತ್ತುವವರು ಎಷ್ಟೋ ಸಲ ಡಾಕ್ಟರಲ್ಲ. ನಿವೃತ್ತ ನೌಕರರಿರಬಹುದು, ಮನೆ ನೋಡಿಕೊಳ್ಳುವ ಹೆಂಗಸಿರಬಹುದು, ಆಗಷ್ಟೇ ಕಾಲೇಜು ಮುಗಿಸಿದವರಿರಬಹುದು. ಜೀವ ಹೋಗುವಂಥ ವಿಷಯಕ್ಕೆ ಓದಿರದವರನ್ನು ಕೂರಿಸಿದ್ದಾರಾ ಅಂತ ಕೇಳುವವರು ಬಹಳ ಜನ. ನನಗೂ ಮೊದಲು ಹಾಗೇ ಅನಿಸಿತ್ತು.

ಈ ಪ್ರಶ್ನೆಗೆ ಉತ್ತರ ಹುಡುಕಲು ಲಂಡನ್‌ನ ಒಂದು ಚರ್ಚಿನಿಂದ ಶುರು ಮಾಡಬೇಕು.

ಚಾಡ್ ವಾರಾ ಅನ್ನುವ ಪಾದ್ರಿ 1935ರಲ್ಲಿ, ಇನ್ನೂ ಹೊಸಬರಾಗಿದ್ದಾಗ, ಹದಿನಾಲ್ಕು ವರ್ಷದ ಒಬ್ಬ ಹುಡುಗಿಯ ಅಂತ್ಯಕ್ರಿಯೆ ನಡೆಸಬೇಕಾಯಿತು. ಆಕೆ ಮೊದಲ ಸಲ ಮುಟ್ಟಾಗಿದ್ದಳು. ಅದೇನೋ ಕೆಟ್ಟ ರೋಗ ಅಂದುಕೊಂಡು ಜೀವ ಕಳೆದುಕೊಂಡಿದ್ದಳು. ಕೇಳಲು ಅವಳಿಗೆ ಯಾರೂ ಇರಲಿಲ್ಲ. ಈ ಸಾವು ವಾರಾ ಅವರ ಮನಸ್ಸಿನಿಂದ ಹೋಗಲಿಲ್ಲ. 1953ರಲ್ಲಿ ಅವರು ಲಂಡನ್‌ನ ಸೇಂಟ್ ಸ್ಟೀಫನ್ ವಾಲ್‌ಬ್ರುಕ್ ಚರ್ಚಿಗೆ ಬಂದಾಗ, ಸಾಯಬೇಕು ಅನಿಸಿದವರು ಕರೆ ಮಾಡಲಿ ಅಂತ ಒಂದು ಫೋನ್ ನಂಬರ್ ಕೊಟ್ಟರು. ಆಗ ಇಂಗ್ಲೆಂಡಿನಲ್ಲಿ ಆತ್ಮಹತ್ಯೆಗೆ ಯತ್ನಿಸುವುದು ಅಪರಾಧ. ಆ ಕಾನೂನು ಹೋಗಿದ್ದು 1961ರಲ್ಲಿ.

ಫೋನ್ ಮಾಡುವವರು ಬಂದರು, ನೇರವಾಗಿ ಚರ್ಚಿಗೇ ಬರುವವರೂ ಜಾಸ್ತಿಯಾದರು. ಹೊರಗೆ ಸಾಲು. ಸಾಲಿನಲ್ಲಿ ಕೂತವರಿಗೆ ಬೇಜಾರಾಗದಿರಲಿ ಅಂತ ಕೆಲವು ಸ್ವಯಂಸೇವಕರು ಟೀ ಕೊಟ್ಟು, ಪಕ್ಕದಲ್ಲಿ ಕೂತು ಮಾತಾಡಿಸುತ್ತಿದ್ದರು. ಕೆಲವು ದಿನ ಕಳೆದ ಮೇಲೆ ವಾರಾ ಒಂದು ವಿಷಯ ಗಮನಿಸಿದರು. ಟೀ ಕುಡಿದು, ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಂಡ ಬಹಳಷ್ಟು ಜನ ಅವರನ್ನು ಭೇಟಿಯಾಗದೆಯೇ ಮನೆಗೆ ಹೋಗುತ್ತಿದ್ದರು. ಬೇಕಾಗಿದ್ದು ಅಲ್ಲೇ ಸಿಕ್ಕಿತ್ತು.

ಬೇರೆ ಯಾರಾದರೂ ಆಗಿದ್ದರೆ 'ಟೀ ವ್ಯವಸ್ಥೆ ಚೆನ್ನಾಗಿದೆ' ಅಂದುಕೊಂಡು ಸುಮ್ಮನಾಗುತ್ತಿದ್ದರೇನೋ. ವಾರಾ 1954ರ ಫೆಬ್ರವರಿಯಲ್ಲಿ ಫೋನನ್ನೇ ಸ್ವಯಂಸೇವಕರ ಕೈಗೆ ಕೊಟ್ಟರು. ಜನರನ್ನು ಆರಿಸುವುದು, ತಯಾರು ಮಾಡುವುದು, ಹೆಚ್ಚಿನ ಸಹಾಯ ಬೇಕಾದವರನ್ನು ತಾವು ನೋಡುವುದು, ಇಷ್ಟನ್ನು ಮಾತ್ರ ಇಟ್ಟುಕೊಂಡರು. ಸಮಾರಿಟನ್ಸ್ ಎಂಬ ಸಹಾಯವಾಣಿ ಸಂಸ್ಥೆ ನಿಂತಿದ್ದು ಹೀಗೆ. ತಾನು ಹಿಂದೆ ಸರಿದರೆ ಕೆಲಸ ಮುಂದೆ ಹೋಗುತ್ತದೆ ಅಂತ ಗೊತ್ತಾಗುವುದಿದೆಯಲ್ಲ, ಈ ಕ್ಷೇತ್ರದಲ್ಲಿ ಮುಂದಾಳತ್ವದ ಮೊದಲ ಪಾಠ ಅದು.

ಇದು ಪಾದ್ರಿಯ ಕಥೆ ಆಯಿತು. ಪರಿಣತರ ಕಥೆ ಇನ್ನೊಂದು ತುದಿಯಿಂದ ಬರುತ್ತದೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಎಡ್ವಿನ್ ಶ್ನೈಡ್‌ಮನ್ ಎಂಬ ಮನಶ್ಶಾಸ್ತ್ರಜ್ಞರಿಗೆ 1949ರಲ್ಲಿ, ಸಾವಿನ ತನಿಖೆ ಮಾಡುವ ಕಚೇರಿಯ ಕಡತಗಳಲ್ಲಿ ಆತ್ಮಹತ್ಯೆ ಮಾಡಿಕೊಂಡವರು ಬರೆದಿಟ್ಟ ನೂರಾರು ಕೊನೆಯ ಪತ್ರಗಳು ಸಿಕ್ಕವು. ಅವುಗಳ ಅಧ್ಯಯನದಿಂದ ಹೊರಟ ದಾರಿ 1958ರಲ್ಲಿ ಒಂದು ಆತ್ಮಹತ್ಯೆ ತಡೆ ಕೇಂದ್ರಕ್ಕೆ ಬಂದು ನಿಂತಿತು. ಜೊತೆಗಿದ್ದವರು ನಾರ್ಮನ್ ಫಾರ್ಬರೋ ಮತ್ತು ರಾಬರ್ಟ್ ಲಿಟ್‌ಮನ್. ಎಲ್ಲರೂ ಪರಿಣತರು, ಸಂಶೋಧಕರು. ಆದರೆ ಫೋನ್ ಹಗಲು ರಾತ್ರಿ ನೋಡಿ ಬರುವುದಿಲ್ಲ, ಅಲ್ವಾ? ಕೊನೆಗೆ ಅವರೂ ಪದವಿ ಇಲ್ಲದ ಸ್ವಯಂಸೇವಕರಿಗೆ ತರಬೇತಿ ಕೊಟ್ಟು ಕೂರಿಸಿದರು. 1968ರಲ್ಲಿ ಅದರ ಅನುಭವವನ್ನು ಬರೆದು ಪ್ರಕಟಿಸಿದರು. ಚರ್ಚಿನಿಂದ ಹೊರಟವರು, ಆಸ್ಪತ್ರೆಯಿಂದ ಹೊರಟವರು, ಇಬ್ಬರೂ ಬಂದು ಸೇರಿದ್ದು ಒಂದೇ ಜಾಗಕ್ಕೆ.

ಹಾಗಾದರೆ ಒಳ್ಳೆಯ ಮನಸ್ಸಿದ್ದರೆ ಸಾಕಾ? ಸಾಲದು. ಇಲ್ಲೇ ಬಹಳ ಸಂಸ್ಥೆಗಳು ಎಡವುವುದು.

ಒಳ್ಳೆಯ ಮನಸ್ಸಿನವರು ಏನು ಮಾಡುತ್ತಾರೆ ಅಂತ ನಮಗೆಲ್ಲ ಗೊತ್ತು. 'ಛೆ, ಹಾಗೆಲ್ಲ ಯೋಚಿಸಬೇಡ', 'ಅಪ್ಪ ಅಮ್ಮನ ಮುಖ ನೋಡು', 'ಎಲ್ಲ ಸರಿಹೋಗುತ್ತೆ'. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಕೇಳಿಸಿಕೊಂಡವರಿಗೆ ಬಾಗಿಲು ಮುಚ್ಚಿದ ಹಾಗಾಗುತ್ತದೆ. ತರಬೇತಿಯ ಬಹುಪಾಲು ಹೊಸದನ್ನು ಕಲಿಸುವುದಲ್ಲ, ಈ ಅಭ್ಯಾಸಗಳನ್ನು ಬಿಡಿಸುವುದು. ಬುದ್ಧಿ ಹೇಳಬಾರದು. ಮಧ್ಯೆ ಬಾಯಿ ಹಾಕಬಾರದು. ಮೌನ ಬಂದರೆ ಗಾಬರಿಯಾಗಿ ಅದನ್ನು ಮಾತಿನಿಂದ ತುಂಬಬಾರದು. ನಮ್ಮ ಕಡೆ ಇದು ಇನ್ನೂ ಕಷ್ಟ. ನಾವು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಸಲಹೆ ಕೊಡುವ ಜನ!

ಇನ್ನೂ ಕಷ್ಟದ್ದು ಆ ಒಂದು ಪ್ರಶ್ನೆ. 'ಸಾಯಬೇಕು ಅನಿಸ್ತಿದೆಯಾ?' ಅಂತ ನೇರವಾಗಿ ಕೇಳುವುದು. ಕೇಳಿದರೆ ಇಲ್ಲದ ಹುಳವನ್ನು ತಲೆಗೆ ಬಿಟ್ಟ ಹಾಗಾಗುತ್ತದೆ ಅನ್ನುವ ಭಯ ಎಲ್ಲರಿಗೂ ಇದೆ. ಸಂಶೋಧನೆಗಳು ಹೇಳುವುದು ಬೇರೆ. ಕಾಳಜಿಯಿಂದ ಕೇಳಿದರೆ ಅಪಾಯ ಹೆಚ್ಚುವುದಿಲ್ಲ. ಎಷ್ಟೋ ಜನರಿಗೆ ಅಬ್ಬಾ, ಯಾರೋ ಕೇಳಿದರಲ್ಲ ಅಂತ ಹಗುರವಾಗುತ್ತದೆ. ಆದರೂ ತರಬೇತಿ ಪಡೆದವರ ಬಾಯಿಂದಲೂ ಎಷ್ಟೋ ಸಲ ಈ ಪ್ರಶ್ನೆ ಬರುವುದಿಲ್ಲ. ಕೆನಡಾದ ಬ್ರಯಾನ್ ಮಿಶಾರಾ ತಂಡ ಅಮೆರಿಕದ 14 ಕೇಂದ್ರಗಳ ಕರೆಗಳನ್ನು ಕೇಳಿಸಿಕೊಂಡು 2007ರಲ್ಲಿ ವರದಿ ಕೊಟ್ಟಿತು. ಬಹಳಷ್ಟು ಕರೆಗಳಲ್ಲಿ ಆತ್ಮಹತ್ಯೆಯ ಯೋಚನೆ ಇದೆಯಾ ಅಂತ ಕೇಳಿಯೇ ಇರಲಿಲ್ಲ. ಕರೆ ಮಾಡಿದವರಿಗೆ ಉಪಯೋಗವಾಗಿದ್ದು ಎಲ್ಲಿ ಅಂತ ನೋಡಿದರೆ, ಗೌರವದಿಂದ, ಅವರ ಕಷ್ಟಕ್ಕೆ ಮಿಡಿದು, ಜೊತೆಗೆ ಕೂತು ದಾರಿ ಹುಡುಕಿದ ಕಡೆ.

ಅಂದರೆ ಸ್ವಯಂಸೇವಕರಿದ್ದರೂ ಯಾರೋ ಒಬ್ಬರು ಅವರ ಕೆಲಸವನ್ನು ನೋಡುತ್ತಿರಬೇಕು. ಇದಕ್ಕೆ ಈ ವಲಯದಲ್ಲಿ ಸೂಪರ್‌ವಿಷನ್ ಅನ್ನುತ್ತಾರೆ. ಮೇಲಧಿಕಾರಿಯ ತಪಾಸಣೆ ಅಂದುಕೊಳ್ಳಬೇಡಿ. ಶಿಫ್ಟ್ ಮುಗಿದ ಮೇಲೆ 'ಇವತ್ತಿನ ಆ ಕರೆ ನನ್ನನ್ನು ಬಿಡುತ್ತಿಲ್ಲ' ಅಂತ ಹೇಳಿಕೊಳ್ಳಲು ಸಿಗುವ ಜಾಗ ಅದು. ಎಲ್ಲಿ ತಪ್ಪಿದೆ ಅಂತ ತಿದ್ದಿಕೊಳ್ಳುವ ಜಾಗವೂ ಹೌದು. ಗೋವಾದಲ್ಲಿ 1996ರಲ್ಲಿ ಶುರುವಾದ ಸಂಗಾತ್ ಸಂಸ್ಥೆ ಇದನ್ನು ಚೆನ್ನಾಗಿ ಮಾಡಿ ತೋರಿಸಿತು. ಮನೋವೈದ್ಯ ವಿಕ್ರಮ್ ಪಟೇಲ್ ಅದರ ಸ್ಥಾಪಕರಲ್ಲಿ ಒಬ್ಬರು. ಅಲ್ಲಿ ಮನಶ್ಶಾಸ್ತ್ರ ಓದಿರದ ಸ್ಥಳೀಯರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆ ಇದ್ದವರಿಗೆ ಆರರಿಂದ ಎಂಟು ಬಾರಿ ಆಪ್ತ ಸಮಾಲೋಚನೆ ಮಾಡಿಸಿದರು. ಮಾತುಕತೆಯ ರೆಕಾರ್ಡಿಂಗ್‌ಗಳನ್ನು ಸಮಾಲೋಚಕರೇ ಗುಂಪಾಗಿ ಕೂತು ಕೇಳಿ, ಒಬ್ಬರಿಗೊಬ್ಬರು ಅಂಕ ಕೊಟ್ಟು ತಿದ್ದುತ್ತಿದ್ದರು. 2017ರಲ್ಲಿ ಪ್ರಕಟವಾದ ಫಲಿತಾಂಶ ನೋಡಿದರೆ, ಎಂದಿನ ಆರೈಕೆ ಮಾತ್ರ ಪಡೆದವರಿಗಿಂತ ಇವರ ಹತ್ತಿರ ಬಂದವರು ಚೆನ್ನಾಗಿ ಚೇತರಿಸಿಕೊಂಡಿದ್ದರು.

ನಮ್ಮ ದೇಶಕ್ಕೆ ಇದು ಯಾಕೆ ಮುಖ್ಯ ಅನ್ನುವುದಕ್ಕೆ ಒಂದೆರಡು ಅಂಕಿ ಸಾಕು. ಭಾರತದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ. ಇರುವವರೂ ಪಟ್ಟಣಗಳಲ್ಲೇ ಜಾಸ್ತಿ. ನಿಮ್ಹಾನ್ಸ್ ಮುಂದೆ ನಿಂತು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದೆ ಉಳಿದವರು ಶೇ 70ರಿಂದ 92. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಕರ್ನಾಟಕದಲ್ಲಿ 13,606. ಡಾಕ್ಟರರನ್ನೇ ಕಾಯುತ್ತಾ ಕೂತರೆ ಆಗುವ ಕೆಲಸ ಇದಲ್ಲ.

ಇಷ್ಟು ಹೇಳಿದ ಮೇಲೆ 'ಪರಿಣತರು' ಅಂದರೆ ಯಾರು ಅಂತಲೂ ಹೇಳಿಬಿಡಬೇಕು. ಬಹಳ ಜನ ಎಲ್ಲರನ್ನೂ ಒಟ್ಟಿಗೆ 'ಕೌನ್ಸೆಲರ್' ಅಂದುಬಿಡುತ್ತಾರೆ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಆಮೇಲೆ ಮನೋವೈದ್ಯಶಾಸ್ತ್ರ ಓದಿದವರು, ಔಷಧಿ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಪರೀಕ್ಷೆ ಮತ್ತು ಥೆರಪಿ ಮಾಡುತ್ತಾರೆ, ಔಷಧಿ ಬರೆಯುವುದಿಲ್ಲ. ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಮನೆ, ಸಂಸಾರ, ಸಾಲ, ಕೆಲಸ ಎಲ್ಲವನ್ನೂ ಸೇರಿಸಿ ನೋಡುವವರು. ಇವರ ಬಗ್ಗೆ ಯಾರೂ ಮಾತಾಡುವುದಿಲ್ಲ, ಆದರೆ ನನ್ನ ಪ್ರಕಾರ ಒಳ್ಳೆಯ ಸಂಸ್ಥೆಯ ಬೆನ್ನೆಲುಬು ಇವರೇ. ಇನ್ನು 'ಆಪ್ತ ಸಮಾಲೋಚಕರು' ಅನ್ನುವ ಬೋರ್ಡಿನ ಹಿಂದೆ ಎರಡು ವರ್ಷ ಓದಿದವರೂ ಇರುತ್ತಾರೆ, ಎರಡು ದಿನದ ಕಾರ್ಯಾಗಾರ ಮಾಡಿದವರೂ ಇರುತ್ತಾರೆ. ಕೇಳಿ ತಿಳಿದುಕೊಳ್ಳುವುದು ವಾಸಿ.

ಸ್ವಯಂಸೇವಕರು ಫೋನ್ ನೋಡಿಕೊಂಡರೆ ಈ ಪರಿಣತರು ಏನು ಮಾಡಬೇಕು? ಇದಕ್ಕೆ ಚೆನ್ನೈನ 'ಸ್ನೇಹಾ' ಸಂಸ್ಥೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮನೋವೈದ್ಯೆ ಡಾ. ಲಕ್ಷ್ಮಿ ವಿಜಯಕುಮಾರ್ 1986ರಲ್ಲಿ ಇದನ್ನು ಕಟ್ಟಿದರು. ಮಾದರಿ ಸಮಾರಿಟನ್ಸ್‌ನದೇ. ಅಲ್ಲಿ ಸ್ವಯಂಸೇವಕರು ಕೇಳಿಸಿಕೊಳ್ಳುವ ಕೆಲಸಕ್ಕೆ 'ಗೆಳೆತನ ಕೊಡುವುದು' ಅನ್ನುತ್ತಿದ್ದದ್ದು ಇಲ್ಲಿ ಸಂಸ್ಥೆಯ ಹೆಸರೇ ಆಯಿತು. ಕರೆ ತೆಗೆದುಕೊಳ್ಳುವವರು ಸ್ವಯಂಸೇವಕರು. ಕಟ್ಟಿದವರು ಡಾಕ್ಟರಾದರೂ ಅದನ್ನು ಕ್ಲಿನಿಕ್ ಮಾಡಲಿಲ್ಲ. ಅವರ ಓದು ಉಪಯೋಗಕ್ಕೆ ಬಂದಿದ್ದು ಬೇರೆ ಕಡೆ.

ಪರೀಕ್ಷೆ ಫಲಿತಾಂಶದ ದಿನಗಳಲ್ಲಿ ಮಕ್ಕಳ ಸಾವು ಹೆಚ್ಚುತ್ತಿತ್ತು. ಒಂದೊಂದು ಮಗುವಿಗೂ ಫೋನಿನಲ್ಲಿ ಧೈರ್ಯ ಹೇಳಬಹುದು. ಆದರೆ ಫೇಲಾದ ಹುಡುಗನಿಗೆ ಒಂದು ವರ್ಷ ಪೂರ್ತಿ ಹೋಗುತ್ತದೆ, ಜೊತೆಯವರೆಲ್ಲ ಮುಂದೆ ಹೋಗುತ್ತಾರೆ ಅನ್ನುವ ಕಷ್ಟ ಹಾಗೇ ಉಳಿಯುತ್ತದೆ. ಸ್ನೇಹಾ ಹಿಡಿದದ್ದು ಈ ಎಳೆಯನ್ನು. ಫಲಿತಾಂಶ ಬಂದ ಬೆನ್ನಿಗೇ ಮರುಪರೀಕ್ಷೆ ಇಡಿ, ವರ್ಷ ಹಾಳಾಗದಿರಲಿ ಅಂತ ತಮಿಳುನಾಡು ಸರ್ಕಾರವನ್ನು ಒತ್ತಾಯಿಸಿತು. ಸರ್ಕಾರ ಆ ವ್ಯವಸ್ಥೆ ತಂದಿತು. ನಮ್ಮಲ್ಲಿ 2024ರಲ್ಲಿ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಬಂದಾಗ ಶಿಕ್ಷಣದ ಗುಣಮಟ್ಟದ ಬಗ್ಗೆ ದೊಡ್ಡ ಚರ್ಚೆಯಾಯಿತು. ಅದು ಆಗಬೇಕಾದದ್ದೇ. ಆದರೆ 'ಇದೇ ಕೊನೆ' ಅನ್ನುವ ಭಯ ಎಷ್ಟು ಮಕ್ಕಳಿಗೆ ಕಮ್ಮಿಯಾಗಬಹುದು ಅನ್ನುವ ಕಡೆಯಿಂದ ಅದನ್ನು ನೋಡಿದವರು ಕಡಿಮೆ.

ಇನ್ನೊಂದು ಕೆಲಸ ಕೀಟನಾಶಕದ್ದು. ಹಳ್ಳಿಗಳಲ್ಲಿ ಎಷ್ಟೋ ಸಾವುಗಳು ಮೊದಲೇ ಯೋಚಿಸಿ ಆಗುವಂಥವಲ್ಲ. ಒಂದು ಜಗಳ, ಒಂದು ಅವಮಾನ, ಆ ಹೊತ್ತಿಗೆ ಮನೆಯಲ್ಲೇ ಕೈಗೆ ಸಿಗುವ ವಿಷ. ಆ ಗಳಿಗೆ ಕಳೆದರೆ ಬಹಳ ಜನ ಬದುಕುತ್ತಾರೆ. ಅದಕ್ಕೆ ಕಡಲೂರು ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಲಕ್ಷ್ಮಿ ವಿಜಯಕುಮಾರ್ ತಂಡ ಬ್ಯಾಂಕ್ ಲಾಕರ್ ಥರದ ಕೋಣೆ ಮಾಡಿತು. ರೈತರು ಔಷಧಿ ಡಬ್ಬ ಮನೆಯಲ್ಲಿಡದೆ ಅಲ್ಲಿಟ್ಟು ಬೀಗ ಹಾಕಬೇಕು, ಬೇಕಾದಾಗ ತೆಗೆದುಕೊಳ್ಳಬೇಕು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಇಂಥ ಕೋಣೆ ಇಲ್ಲದ ಹಳ್ಳಿಗಳಿಗಿಂತ ಇಲ್ಲಿ ಸಾವು ಮತ್ತು ಯತ್ನ ಹೆಚ್ಚು ತಗ್ಗಿತ್ತು.

ಕೇಳಲು ಚೆನ್ನಾಗಿದೆ. ಆದರೆ ಎರಡು ಹಳ್ಳಿ ಅಂದರೆ ಸಣ್ಣ ಲೆಕ್ಕ. ಪರಿಣತಿ ಬೇಕಾಗುವುದು ಇಂಥ ಕಡೆಯೇ. ಶ್ರೀಲಂಕಾದಲ್ಲಿ ಹೋಲುವ ಒಂದು ಉಪಾಯವನ್ನು ದೊಡ್ಡದಾಗಿ ಪರೀಕ್ಷಿಸಿದರು. 180 ಹಳ್ಳಿ, 53,000ಕ್ಕೂ ಜಾಸ್ತಿ ಮನೆ. ಅರ್ಧ ಹಳ್ಳಿಗಳಲ್ಲಿ ಮನೆ ಮನೆಗೂ ಬೀಗದ ಪೆಟ್ಟಿಗೆ ಕೊಟ್ಟರು. 2017ರಲ್ಲಿ ಉತ್ತರ ಬಂತು: ವ್ಯತ್ಯಾಸವೇ ಇಲ್ಲ. ಪೆಟ್ಟಿಗೆಯೂ ಮನೆಯಲ್ಲೇ, ಬೀಗದ ಕೈಯೂ ಮನೆಯಲ್ಲೇ ಅಂದಮೇಲೆ ಇನ್ನೇನು ಅಂತ ಈಗ ಹೇಳುವುದು ಸುಲಭ. ಅದೇ ದೇಶದಲ್ಲಿ ಸರ್ಕಾರ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ್ದರಿಂದ, 1995ರಿಂದ 2015ರ ಹೊತ್ತಿಗೆ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ 70ರಷ್ಟು ಇಳಿದಿತ್ತು. ಪೆಟ್ಟಿಗೆ ಹಂಚುವುದು ಫೋಟೋಗೆ ಚೆನ್ನ, ದಾನಿಗಳಿಗೂ ಇಷ್ಟ. ಪಟ್ಟಿಯಿಂದ ಒಂದು ವಿಷವನ್ನು ತೆಗೆಸಲು ಕಚೇರಿ ಅಲೆಯುವುದಕ್ಕೆ ಯಾರೂ ಹಾರ ಹಾಕುವುದಿಲ್ಲ. ಯಾವುದಕ್ಕೆ ಬೆವರು ಸುರಿಸಬೇಕು ಅಂತ ತೀರ್ಮಾನಿಸುವುದು ಮುಂದಾಳುಗಳ ಕೆಲಸ. ಆ ತೀರ್ಮಾನಕ್ಕೆ ಆಧಾರ ಕೊಡುವುದು ಪರಿಣತರ ಕೆಲಸ.

ಮುಂದಾಳುಗಳ ಮುಂದೆ ಬರುವ ಇನ್ನೊಂದು ಗಟ್ಟಿ ಪ್ರಶ್ನೆ ಗುಟ್ಟಿನದು. ಕರೆ ಮಾಡಿದವರು 'ನಾನು ಈಗಾಗಲೇ ನಿರ್ಧಾರ ಮಾಡಿದ್ದೇನೆ, ಯಾರಿಗೂ ಹೇಳಬೇಡಿ' ಅಂದರೆ? ಸಮಾರಿಟನ್ಸ್ ಬಹಳ ಕಾಲ ಕರೆ ಮಾಡಿದವರ ಇಚ್ಛೆಗೇ ಹೆಚ್ಚು ಬೆಲೆ ಕೊಟ್ಟಿತು. ಗುಟ್ಟು ಉಳಿಯುತ್ತದೆ ಅನ್ನುವ ನಂಬಿಕೆ ಹೋದರೆ ಯಾರೂ ಕರೆಯೇ ಮಾಡುವುದಿಲ್ಲ ಅನ್ನುವುದು ಅವರ ವಾದ. ಅಮೆರಿಕದ ರಾಷ್ಟ್ರೀಯ ಸಹಾಯವಾಣಿ, ಜೀವಕ್ಕೆ ತಕ್ಷಣದ ಅಪಾಯ ಇದ್ದು ಬೇರೆ ದಾರಿ ಇಲ್ಲದಿದ್ದರೆ ತುರ್ತು ಸೇವೆಗೆ ತಿಳಿಸಬೇಕು ಅನ್ನುತ್ತದೆ. ಎರಡರ ಹಿಂದೆಯೂ ಯೋಚನೆ ಇದೆ. ಆದರೆ ರಾತ್ರಿ ಎರಡು ಗಂಟೆಗೆ, ಫೋನ್ ಹಿಡಿದ ಸ್ವಯಂಸೇವಕಿ ಒಬ್ಬಳೇ ಕೂತು ಇದನ್ನು ತೀರ್ಮಾನಿಸುವ ಹಾಗಾಗಬಾರದು. ನಿಯಮ ಮೊದಲೇ ಬರೆದಿಟ್ಟಿರಬೇಕು. ಯಾರಿಗೆ ಫೋನ್ ಮಾಡಬೇಕು ಅನ್ನುವ ನಂಬರ್ ಕಣ್ಣೆದುರಿಗೇ ಇರಬೇಕು, ಮಾಡಿದರೆ ಅವರು ಎತ್ತಬೇಕು.

ಲೆಕ್ಕದ ವಿಷಯವೂ ಇದೆ. ದುಡ್ಡು ಕೊಡುವವರು 'ಎಷ್ಟು ಜೀವ ಉಳಿಸಿದಿರಿ?' ಅಂತ ಕೇಳುತ್ತಾರೆ. ಪ್ರಾಮಾಣಿಕ ಸಂಸ್ಥೆ ಇದಕ್ಕೆ ಉತ್ತರ ಕೊಡಲಾರದು. ಆಗದ ಸಾವನ್ನು ಎಣಿಸುವುದು ಹೇಗೆ? ಕರೆಗಳ ಸಂಖ್ಯೆ ಹೇಳಬಹುದು. ಎತ್ತದೆ ಹೋದ ಕರೆಗಳನ್ನೂ ಹೇಳಿದರೆ ಆ ಸಂಸ್ಥೆಯ ಮೇಲೆ ನನಗೆ ಗೌರವ ಜಾಸ್ತಿ. ಹತ್ತು ಸಾವಿರ ಜೀವ ಉಳಿಸಿದ್ದೇವೆ ಅಂತ ಪೋಸ್ಟರ್ ಹಾಕಿದವರನ್ನು ಕಂಡರೆ ಸ್ವಲ್ಪ ಅನುಮಾನ ಪಡಿ.

ಇವರೆಲ್ಲರ ಜೊತೆಗೆ ಮೂರನೆಯ ಥರದ ತಿಳಿವಳಿಕೆಯೂ ಇದೆ. ಅದು ಆ ಕತ್ತಲನ್ನು ದಾಟಿ ಬಂದವರದು, ಮನೆಯವರನ್ನು ಕಳೆದುಕೊಂಡವರದು. ಆತ್ಮಹತ್ಯೆಯ ಅಪಾಯ ಇರುವವರಿಗಾಗಿಯೇ ಒಂದು ಚಿಕಿತ್ಸಾ ಪದ್ಧತಿಯನ್ನು ರೂಪಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್, ಹದಿಹರೆಯದಲ್ಲಿ ತಾವೇ ಇಂಥ ರೋಗಿಯಾಗಿ ಆಸ್ಪತ್ರೆಯಲ್ಲಿದ್ದದ್ದನ್ನು 2011ರಲ್ಲಷ್ಟೇ ಹೊರಗೆ ಹೇಳಿದರು. ಅಷ್ಟು ದೊಡ್ಡ ಹೆಸರಿದ್ದವರಿಗೂ ಅಷ್ಟು ವರ್ಷ ಬೇಕಾಯಿತು. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ವಿಷಯದಲ್ಲಿ ಮುಂದಿದೆ. ಕೇಂದ್ರ ಮತ್ತು ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರಗಳಲ್ಲಿ ಮಾನಸಿಕ ಕಾಯಿಲೆ ಅನುಭವಿಸಿದವರ ಪ್ರತಿನಿಧಿಗಳು, ಅವರನ್ನು ನೋಡಿಕೊಳ್ಳುವವರ ಪ್ರತಿನಿಧಿಗಳು ಇರಲೇಬೇಕು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸಬಾರದು ಅಂದದ್ದೂ ಇದೇ ಕಾಯ್ದೆ. ಕಾನೂನು ಹೀಗೆ ಹೇಳಿದರೂ ಎಷ್ಟೋ ಸಂಸ್ಥೆಗಳ ಆಡಳಿತ ಮಂಡಳಿಯಲ್ಲಿ ಇಂಥವರಿಗೆ ಒಂದು ಕುರ್ಚಿಯೂ ಇರುವುದಿಲ್ಲ.

ಭಾಷೆಯ ಬಗ್ಗೆ ಒಂದು ಮಾತು. 'ಆತ್ಮಹತ್ಯೆಗೆ ಶರಣು' ಅಂತ ನಮ್ಮ ಪತ್ರಿಕೆಗಳು ಬರೆಯುತ್ತವೆ. ಶರಣು ಅನ್ನುವುದು ನಾವು ದೇವರಿಗೆ, ಹಿರಿಯರಿಗೆ ಹೇಳುವ ಮಾತು. ಅದನ್ನು ತಂದು ಇಲ್ಲಿ ಯಾಕೆ ಇಟ್ಟರೋ! ಇದು ಬರೀ ಪದದ ಜಗಳ ಅಲ್ಲ. 1987ರಲ್ಲಿ ವಿಯೆನ್ನಾದ ಪತ್ರಿಕೆಗಳು ಮೆಟ್ರೋದಲ್ಲಿ ಆಗುತ್ತಿದ್ದ ಸಾವುಗಳನ್ನು ರೋಚಕವಾಗಿ ಬರೆಯುವುದನ್ನು ನಿಲ್ಲಿಸಿದ ಮೇಲೆ ಅಲ್ಲಿ ಅಂಥ ಸಾವುಗಳೇ ಗಣನೀಯವಾಗಿ ಇಳಿದವು. ಹಾಗೆ ಬರೆಯಬೇಡಿ ಅಂತ ಕೂತು ಮಾತಾಡಿದವರು ಅಲ್ಲಿನ ಆತ್ಮಹತ್ಯೆ ತಡೆ ಪರಿಣತರು. ನಮ್ಮ ಪ್ರೆಸ್ ಕೌನ್ಸಿಲ್ ಕೂಡ 2019ರಲ್ಲಿ ಇಂಥ ಸೂಚನೆಗಳನ್ನು ಕೊಟ್ಟಿದೆ.

ಮತ್ತೆ ಚಾಡ್ ವಾರಾ ಹತ್ತಿರ ಬರೋಣ. ಅವರು 2007ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು. ಅದಕ್ಕೆ ಕೆಲವು ವರ್ಷ ಮೊದಲು, ಸಂಸ್ಥೆ ತನ್ನ ಮೂಲ ಉದ್ದೇಶ ಬಿಟ್ಟು ಎಲ್ಲ ಥರದ ಮನಸ್ಸಿನ ಬೇಸರಕ್ಕೂ ಕಿವಿಯಾಗಲು ಹೊರಟಿದೆ ಅಂತ ಬಹಿರಂಗವಾಗಿಯೇ ಮುನಿಸಿಕೊಂಡಿದ್ದರು. ಸಂಸ್ಥೆ ಅವರ ಮಾತನ್ನು ಮೀರಿ ತನ್ನ ದಾರಿಯಲ್ಲಿ ಹೋಯಿತು. ಯಾರು ಸರಿ ಅನ್ನುವುದು ನನಗೆ ಅಷ್ಟು ಮುಖ್ಯ ಅನಿಸುವುದಿಲ್ಲ. ಕಟ್ಟಿದವರ ಮಾತನ್ನು ಮೀರಿಯೂ ನಿಲ್ಲುವಷ್ಟು ಗಟ್ಟಿಯಾಗಿ ಅವರೇ ಅದನ್ನು ಕಟ್ಟಿದ್ದರಲ್ಲ! ನಮ್ಮಲ್ಲಿ ಒಬ್ಬರ ಹೆಸರಿನ ಮೇಲೆ ನಿಂತ ಸಂಸ್ಥೆಗಳು ಜಾಸ್ತಿ. ಅವರಿಗೆ ವಯಸ್ಸಾದರೆ ಸಂಸ್ಥೆಗೂ ವಯಸ್ಸಾಗುತ್ತದೆ.

ಕೊನೆಗೆ ನಮ್ಮ ಬೆಂಗಳೂರಿನ ಸುದ್ದಿ. ನಿಮ್ಹಾನ್ಸ್ ಉಸ್ತುವಾರಿಯಲ್ಲಿ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಶುರು ಮಾಡಿತು. ತಂತ್ರಜ್ಞಾನ ನೋಡಿಕೊಂಡಿದ್ದು ಬೆಂಗಳೂರಿನ ಐಐಐಟಿ. ಇದು ಸ್ವಯಂಸೇವಾ ಸಂಸ್ಥೆಯಲ್ಲ, ಸರ್ಕಾರದ್ದು. ಆದರೂ ಟೀ ಕೊಟ್ಟು ಕೂರಿಸಿದವರಿಂದ ಹಿಡಿದು ಲಾಸ್ ಏಂಜಲೀಸ್‌ನವರವರೆಗೆ ಎಲ್ಲರೂ ಕಂಡುಕೊಂಡ ಜೋಡಣೆಯೇ ಇಲ್ಲೂ ಇದೆ. 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಆಗುತ್ತದೆ, ದುಡ್ಡಿಲ್ಲ. ಭಾಷೆ ಕೇಳುತ್ತದೆ, ಕನ್ನಡ ಆರಿಸಿಕೊಳ್ಳಬಹುದು. ಮೊದಲು ಮಾತಾಡುವವರು ತರಬೇತಿ ಪಡೆದ ಸಮಾಲೋಚಕರು. ಅವರಿಗೆ ಹೆಚ್ಚಿನ ಸಹಾಯ ಬೇಕು ಅನಿಸಿದರೆ ಕರೆ ಪರಿಣತರಿಗೆ ಹೋಗುತ್ತದೆ. ಅಲ್ಲಿಂದ ನಿಮ್ಮ ಜಿಲ್ಲೆಯ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ, ಬೇಕಾದರೆ ಆಸ್ಪತ್ರೆಗೆ. ಮನೆಯವರ ಬಗ್ಗೆ ಚಿಂತೆ ಇದ್ದು 'ನಾನು ಏನು ಮಾಡಲಿ' ಅಂತ ಕೇಳುವುದಕ್ಕೂ ಅದೇ ನಂಬರ್.